ಹನ್ನೊಂದು ಲಕ್ಷ ಅರವತ್ತೆರಡು ಲಕ್ಷವಾದ ಬಗೆ: ಒಂದು ಅಪಘಾತ ಪರಿಹಾರ ಪ್ರಕರಣದ ಲೆಕ್ಕ

2007ರ ಅಕ್ಟೋಬರ್ 18. ಹರಿಯಾಣದ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಅಪ್ಪ ಅಮ್ಮನ ಜೊತೆ ಟ್ರ್ಯಾಕ್ಟರಿನಲ್ಲಿ ಹೋಗುತ್ತಿದ್ದಾಗ ಲಾರಿ ಬಂದು ಗುದ್ದಿತು. ಅವಳ ತಲೆಗೆ ಪೆಟ್ಟು ಬಿದ್ದು ಮಿದುಳಿಗೆ ಗಾಸಿಯಾಯಿತು. ಐವತ್ತೊಂದು ದಿನ ಆಸ್ಪತ್ರೆಯಲ್ಲಿದ್ದು ಜೀವ ಉಳಿಯಿತು. ಆಮೇಲೆ ಚಂಡೀಗಢದ ಪಿಜಿಐ ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ ಬುದ್ಧಿಮಟ್ಟ ಅವಳ ವಯಸ್ಸಿನ ಮಕ್ಕಳ ಶೇ. 20ಕ್ಕಿಂತ ಕಡಿಮೆ, ಸಾಮಾಜಿಕ ವಯಸ್ಸು ಒಂಬತ್ತು ತಿಂಗಳ ಕೂಸಿನದು ಎಂದು ಬರೆದುಕೊಟ್ಟರು. ಎರಡೂ ಕೈ, ಎರಡೂ ಕಾಲುಗಳಲ್ಲಿ ಬಲವಿಲ್ಲ, ಮೂತ್ರದ ಮೇಲೆ ಹಿಡಿತವಿಲ್ಲ. ಅಂಗವೈಕಲ್ಯ ಶೇ. 100.

ಈ ಪ್ರಕರಣದಲ್ಲಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಕೊಟ್ಟಿದ್ದು 11,08,501 ರೂಪಾಯಿ. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಅದನ್ನು 25,78,501ಕ್ಕೆ ಏರಿಸಿತು. 2020ರ ಫೆಬ್ರವರಿ 5ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಎಲ್. ನಾಗೇಶ್ವರ ರಾವ್ ಮತ್ತು ದೀಪಕ್ ಗುಪ್ತಾ ಅವರ ಪೀಠ 62,27,000 ರೂಪಾಯಿ ಎಂದಿತು, ಜೊತೆಗೆ ಶೇ. 7.5 ಬಡ್ಡಿ. ಅಪಘಾತ ಅದೇ, ಹುಡುಗಿ ಅವಳೇ, ಗಾಯದ ದಾಖಲೆಗಳೂ ಅವೇ. ಮೊತ್ತ ಮಾತ್ರ ಐದೂವರೆ ಪಟ್ಟಿಗಿಂತ ಹೆಚ್ಚಾಯಿತು.

ಭಾರೀ ಗಾಯದ ಪ್ರಕರಣ ನಡೆಸುವ ವಕೀಲರು ಈ ತೀರ್ಪನ್ನು ಈಗ ಮಂತ್ರದಂತೆ ಹೇಳುತ್ತಾರೆ. ಅರ್ಜಿಯಲ್ಲಿ ಉಲ್ಲೇಖವಿರುತ್ತದೆ, ವಾದದಲ್ಲಿ ಪ್ರತಿ ಕೊಡುತ್ತಾರೆ. ಆದರೆ ಮೊತ್ತ ಏರಿದ್ದು ಎಲ್ಲಿ, ಯಾವ ಬಾಬ್ತಿನಲ್ಲಿ ಎಂದು ಕೂತು ಲೆಕ್ಕ ಹಾಕಿದವರು ಕಡಿಮೆ. ನನ್ನ ಪ್ರಕಾರ ತೀರ್ಪಿನ ಪಾಠ ಹೆಚ್ಚಿನವರು ತಿಳಿದುಕೊಂಡಿರುವ ಜಾಗದಲ್ಲಿಲ್ಲ.

ಮೊದಲು ಸುಲಭದ್ದನ್ನು ಮುಗಿಸೋಣ. ಆಗಿಹೋದ ಚಿಕಿತ್ಸೆ, ಔಷಧಿ, ಓಡಾಟದ ಖರ್ಚಿಗೆ 2,50,000. ಆಸ್ಪತ್ರೆಯಲ್ಲಿದ್ದ ಐವತ್ತೊಂದು ದಿನ ಮನೆಯವರು ಕೆಲಸ ಬಿಟ್ಟು ಕೂತದ್ದಕ್ಕೆ ದಿನಕ್ಕೆ ಸಾವಿರದಂತೆ 51,000. ಮುಂದಿನ ಚಿಕಿತ್ಸೆಗೆ 5,00,000. ಮದುವೆಯ ಅವಕಾಶ ತಪ್ಪಿದ್ದಕ್ಕೆ 3,00,000. ಈ ಕೊನೆಯ ಬಾಬ್ತು ನನಗೆ ಎಂದೂ ಸರಿಹೊಂದಿಲ್ಲ. ಹೆಣ್ಣುಮಗಳ ಬದುಕಿನ ನಷ್ಟವನ್ನು ಮದುವೆಯ ಹೆಸರಿನಲ್ಲಿ ಅಳೆಯುವುದು ಮುಜುಗರದ ವಿಷಯ. ಆದರೂ ಕಕ್ಷಿದಾರರಿಗೆ ಬರುವ ಹಣ, ಹಾಗಾಗಿ ಅರ್ಜಿಯಲ್ಲಿ ಬರೆಯದೇ ಬಿಡುವ ಹಾಗೂ ಇಲ್ಲ.

ನೋವು, ಯಾತನೆ ಮತ್ತು ಬದುಕಿನ ಸುಖ ಕಳೆದುಕೊಂಡದ್ದಕ್ಕೆ 15,00,000. ಹಾಸಿಗೆಯಲ್ಲೇ ಮಲಗಿ ಈ ಹುಡುಗಿ ಹೆಂಗಸಾಗುತ್ತಾಳೆ, ಮುಟ್ಟೂ ಆಗುತ್ತಾಳೆ, ಆದರೆ ಮನಸ್ಸು ಮಾತ್ರ ಒಂಬತ್ತು ತಿಂಗಳ ಮಗುವಿನದಾಗಿಯೇ ಉಳಿಯುತ್ತದೆ ಎಂಬ ಅರ್ಥದ ಮಾತು ತೀರ್ಪಿನಲ್ಲಿದೆ. ವೈದ್ಯಕೀಯ ಪ್ರಮಾಣಪತ್ರದ ಶೇ. 100 ಎಂಬ ಅಂಕಿಯನ್ನು ಒಬ್ಬ ಮನುಷ್ಯಳ ಮುಂದಿನ ನಲವತ್ತು ಐವತ್ತು ವರ್ಷವಾಗಿ ಬಿಡಿಸಿ ನೋಡಿದ್ದು ಆ ಒಂದು ಮಾತು. ಹದಿನೈದು ಲಕ್ಷಕ್ಕೆ ಗಣಿತದ ಆಧಾರವಿಲ್ಲ, ಇರಲಿಕ್ಕೂ ಸಾಧ್ಯವಿಲ್ಲ. ಈ ಬಾಬ್ತು ನ್ಯಾಯಾಧೀಶರ ಮನಸ್ಸಿಗೆ ಬಿಟ್ಟದ್ದು. ಪ್ರಕರಣವನ್ನು ಅವರ ಕಣ್ಣಿಗೆ ಕಟ್ಟುವಂತೆ ಇಡುವುದಷ್ಟೇ ವಕೀಲರ ಕೈಯಲ್ಲಿರುವುದು.

ಉಳಿದವು ಎರಡು ದೊಡ್ಡ ಬಾಬ್ತುಗಳು, ಗಳಿಕೆಯ ನಷ್ಟ ಮತ್ತು ಸಹಾಯಕರ ಖರ್ಚು. ಇವೆರಡೇ ಸೇರಿ 36,26,000. ಒಟ್ಟು ಪರಿಹಾರದ ಅರ್ಧಕ್ಕಿಂತ ಹೆಚ್ಚು.

ಗಳಿಕೆಯದ್ದು ನೋಡಿ. ದುಡಿಯುವ ವಯಸ್ಸಿಗೆ ಬಾರದ ಮಗುವಿಗೆ ಆದಾಯ ಎಂದು ಏನನ್ನು ಹಿಡಿಯುವುದು? ಕೆಳಗಿನ ಎರಡೂ ಕೋರ್ಟುಗಳು ವರ್ಷಕ್ಕೆ 15,000 ರೂಪಾಯಿ ಎಂಬ ಕಾಲ್ಪನಿಕ ಆದಾಯವನ್ನು ಹಿಡಿದಿದ್ದವು. ಮೋಟಾರು ವಾಹನ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ, ಆದಾಯವಿಲ್ಲದವರಿಗೆಂದು ತೊಂಬತ್ತರ ದಶಕದಲ್ಲಿ ಬರೆದಿಟ್ಟ ಅಂಕಿ ಅದು. ತಿಂಗಳಿಗೆ 1,250 ರೂಪಾಯಿ. ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಆ ಹುಡುಗಿ ಓದಿ, ಬೆಳೆದು ದೊಡ್ಡವಳಾಗಿದ್ದರೆ ಕನಿಷ್ಠ ಪಕ್ಷ ಕುಶಲ ಕೆಲಸಗಾರರಿಗೆ ಸಿಗುವ ಕನಿಷ್ಠ ವೇತನವನ್ನಾದರೂ ದುಡಿಯುತ್ತಿದ್ದಳು ಎಂದಿತು. ಆಗ ಹರಿಯಾಣದಲ್ಲಿ ಆ ವೇತನ ತಿಂಗಳಿಗೆ 4,846 ರೂಪಾಯಿ ಇತ್ತು. ಅದಕ್ಕೆ ಮುಂದಿನ ಏಳಿಗೆಯ ಲೆಕ್ಕದಲ್ಲಿ ಶೇ. 40 ಸೇರಿಸಿ, 12 ತಿಂಗಳಿಂದ ಮತ್ತು 18ರ ಗುಣಕದಿಂದ (ವಯಸ್ಸು ನೋಡಿ ಎಷ್ಟು ವರ್ಷದ ಹಣ ಕೊಡಬೇಕು ಎಂದು ಹೇಳುವ ಅಂಕಿ) ಗುಣಿಸಿದರೆ ಸುಮಾರು 14,66,000 ಆಗುತ್ತದೆ. ಶೇ. 40ರ ಆಧಾರ 2017ರ ಸಂವಿಧಾನ ಪೀಠದ ತೀರ್ಪು, ಗುಣಕದ ಆಧಾರ 2009ರ ಇನ್ನೊಂದು ತೀರ್ಪಿನ ಕೋಷ್ಟಕ.

ಕರ್ನಾಟಕದ ವಕೀಲರಿಗೆ ಈ ಭಾಗ ಯಾಕೆ ಮುಖ್ಯ ಎಂದರೆ, ನಮ್ಮಲ್ಲಿ ಮಕ್ಕಳ ಪ್ರಕರಣಗಳು ಬಹುಕಾಲ ಬೇರೊಂದು ದಾರಿ ಹಿಡಿದಿದ್ದವು. 2013ರಲ್ಲಿ ಕರ್ನಾಟಕದ್ದೇ ಒಂದು ಮಗುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗುಂಡುಗುತ್ತಿಗೆಯಂಥ ದರಪಟ್ಟಿ ಮಾಡಿಕೊಟ್ಟಿತ್ತು. ವೈಕಲ್ಯ ಶೇ. 10ರವರೆಗೆ ಇದ್ದರೆ 1 ಲಕ್ಷ, 30ರವರೆಗೆ 3 ಲಕ್ಷ, 60ರವರೆಗೆ 4, 90ರವರೆಗೆ 5, ಅದಕ್ಕೂ ಮೇಲಿದ್ದರೆ 6 ಲಕ್ಷ. ಚಿಕಿತ್ಸೆ ಮತ್ತು ಸಹಾಯಕರ ಖರ್ಚು ಬೇರೆ. ಕೈಬೆರಳು ಊನವಾದ ಮಗುವಿಗೆ ಇದು ಉಪಕಾರಿಯೇ ಆಗಿತ್ತು, ಅದಕ್ಕೂ ಮೊದಲು ಅಷ್ಟೂ ಸಿಗುತ್ತಿರಲಿಲ್ಲ. ಆದರೆ ಹಾಸಿಗೆ ಹಿಡಿದ ಮಗುವಿಗೆ ಆರು ಲಕ್ಷ ಎಂಬುದು ಗೋಡೆಯಾಗಿ ನಿಂತಿತು. ವಿಮಾ ಕಂಪನಿಯ ವಕೀಲರು ಆ ಪಟ್ಟಿಯನ್ನು ಹಿಡಿದುಕೊಂಡೇ ಬರುತ್ತಿದ್ದರು. 2020ರ ತೀರ್ಪು ಪಟ್ಟಿಯನ್ನು ಹರಿದು ಹಾಕಿತು ಎನ್ನಲಾಗದು, ಶೇ. 100ರ ಪ್ರಕರಣಗಳಲ್ಲಿ ಅದರ ಪಕ್ಕದಿಂದ ದಾಟಿ ಹೋಗಲು ದಾರಿ ಮಾಡಿತು. 2022ರಲ್ಲಿ ಕರ್ನಾಟಕದ ಐದು ವರ್ಷದ ಹುಡುಗನೊಬ್ಬನ ಪ್ರಕರಣ ಅದೇ ದಾರಿಯಲ್ಲಿ ಹೋಯಿತು. ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಆ ಹುಡುಗನಿಗೆ ನ್ಯಾಯಮಂಡಳಿ 18.24 ಲಕ್ಷ ಕೊಟ್ಟಿತ್ತು, ಹೈಕೋರ್ಟ್ 13.46 ಲಕ್ಷಕ್ಕೆ ಇಳಿಸಿತ್ತು, ಸುಪ್ರೀಂ ಕೋರ್ಟ್ 49.93 ಲಕ್ಷ ಮಾಡಿತು.

ಇನ್ನು ಸಹಾಯಕರ ಖರ್ಚು. ತೀರ್ಪಿನ ಜೀವ ಇರುವುದು ಇಲ್ಲಿ, ತಪ್ಪಾಗಿ ಓದಿಕೊಳ್ಳುವುದೂ ಇಲ್ಲೇ.

ಹೈಕೋರ್ಟ್ ತಿಂಗಳಿಗೆ 2,500ರಂತೆ 44 ವರ್ಷಕ್ಕೆ 13,20,000 ಕೊಟ್ಟಿತ್ತು. ಸುಪ್ರೀಂ ಕೋರ್ಟ್ ಈ ವಿಧಾನ ಸರಿಯಲ್ಲ, ಗಳಿಕೆಗೆ ಬಳಸುವ ಗುಣಕವನ್ನೇ ಇಲ್ಲೂ ಬಳಸಬೇಕು ಎಂದಿತು. ಬೆಲೆಯೇರಿಕೆ, ಇಡುಗಂಟಿಗೆ ಬರುವ ಬಡ್ಡಿ, ಆಯುಷ್ಯ ಎಲ್ಲವೂ ಗುಣಕದೊಳಗೆ ಸೇರಿಕೊಂಡಿವೆ ಎಂಬುದು ಕಾರಣ. ದಿನದ ಇಪ್ಪತ್ನಾಲ್ಕು ಗಂಟೆಯೂ ಒಬ್ಬರು ಪಕ್ಕದಲ್ಲಿರಬೇಕು, ಒಬ್ಬರು ಹನ್ನೆರಡು ಗಂಟೆಗಿಂತ ಹೆಚ್ಚು ದುಡಿಯಲಾರರು, ಆದ್ದರಿಂದ ಇಬ್ಬರು. ತಲಾ 5,000ದಂತೆ ತಿಂಗಳಿಗೆ 10,000, ಹನ್ನೆರಡು ತಿಂಗಳು, ಗುಣಕ 18, ಒಟ್ಟು 21,60,000.

ಇದನ್ನು ಓದಿದವರೆಲ್ಲ ಗುಣಕ ಬಳಸಿದ್ದರಿಂದ ಹುಡುಗಿಗೆ ಲಾಭವಾಯಿತು ಎಂದುಕೊಳ್ಳುತ್ತಾರೆ. ಸ್ವಲ್ಪ ತಡೆದು ನೋಡಿ. ಹೈಕೋರ್ಟ್ 44ರಿಂದ ಗುಣಿಸಿತ್ತು, ಸುಪ್ರೀಂ ಕೋರ್ಟ್ 18ರಿಂದ ಗುಣಿಸಿತು. ತಿಂಗಳ ಮೊತ್ತ 2,500 ಆಗಿಯೇ ಉಳಿದಿದ್ದರೆ ಗುಣಕದ ವಿಧಾನದಲ್ಲಿ ಅವಳಿಗೆ ಸಿಗುತ್ತಿದ್ದದ್ದು 5,40,000 ಮಾತ್ರ, ಹೈಕೋರ್ಟ್ ಕೊಟ್ಟಿದ್ದರ ಅರ್ಧವೂ ಅಲ್ಲ. ಮೊತ್ತ ಏರಿದ್ದು 2,500 ಇದ್ದಲ್ಲಿ 10,000 ಆದದ್ದರಿಂದ. ಅದು ಆದದ್ದು "ಇಬ್ಬರು ಬೇಕು, ಅವರಿಗೆ ಸಂಬಳ ಕೊಡಬೇಕು" ಎಂದು ಯಾರೋ ಯೋಚಿಸಿದ್ದರಿಂದ. ಗುಣಕ ಕೋಷ್ಟಕದಿಂದ ಬರುತ್ತದೆ, ವಕೀಲರು ಅದನ್ನು ಏನೂ ಮಾಡಲಾರರು. ತಿಂಗಳ ಮೊತ್ತ ಬರಬೇಕಾದ್ದು ಸಾಕ್ಷ್ಯದಿಂದ.

ಸಾಕ್ಷ್ಯ ಎಲ್ಲಿ ಸೋಲುತ್ತದೆ ಎಂಬುದನ್ನು ನಮ್ಮ ಯಾವ ತಾಲ್ಲೂಕು ಕೋರ್ಟಿನಲ್ಲಾದರೂ ನೋಡಬಹುದು. ಮಗುವಿನ ತಾಯಿ ಪಿ.ಡಬ್ಲ್ಯೂ. 1, ಅಂದರೆ ಅರ್ಜಿದಾರರ ಪರ ಮೊದಲ ಸಾಕ್ಷಿ ಆಗಿ ಸಾಕ್ಷಿ ಕಟ್ಟೆಯಲ್ಲಿ ನಿಂತಿರುತ್ತಾಳೆ. ಮುಖ್ಯ ವಿಚಾರಣೆಯ ಪ್ರಮಾಣಪತ್ರ ಎರಡು ಪುಟ; ಅದರಲ್ಲಿ ಒಂದೂವರೆ ಪುಟ ಅಪಘಾತ ಹೇಗಾಯಿತು ಎಂಬುದು. ಕೊನೆಯಲ್ಲಿ "ನನ್ನ ಮಗು ಜೀವನಪರ್ಯಂತ ಇತರರನ್ನು ಅವಲಂಬಿಸಬೇಕಾಗಿದೆ" ಎಂಬ ಒಂದು ಸಾಲು. ವಿಮಾ ಕಂಪನಿ ಪರ ವಕೀಲರು ಪಾಟೀಸವಾಲಿಗೆ ಏಳುತ್ತಾರೆ. "ಮಗುವನ್ನು ನೋಡಿಕೊಳ್ಳಲು ನೀವು ಯಾರನ್ನೂ ಸಂಬಳಕ್ಕೆ ಇಟ್ಟಿಲ್ಲ ಅಲ್ಲವೇನಮ್ಮಾ?" ತಾಯಿ ಇಲ್ಲ ಎನ್ನುತ್ತಾಳೆ. ಬೆರಳಚ್ಚುಗಾರರು ಟೈಪ್ ಮಾಡುತ್ತಾರೆ: "ಮಗುವನ್ನು ನೋಡಿಕೊಳ್ಳಲು ನಾನು ಯಾರನ್ನೂ ಸಂಬಳಕ್ಕೆ ಇಟ್ಟಿಲ್ಲ ಎಂದರೆ ಸರಿ." ಅಷ್ಟಕ್ಕೇ ಬಾಬ್ತು ಬಿದ್ದುಹೋಗುತ್ತದೆ. ಸಂಬಳಕ್ಕೆ ಇಡಲು ದುಡ್ಡೇ ಇರಲಿಲ್ಲ ಎಂಬುದನ್ನು ಯಾರೂ ಕೇಳಿರುವುದಿಲ್ಲ, ಆದ್ದರಿಂದ ಅದು ದಾಖಲೆಯಲ್ಲೂ ಇರುವುದಿಲ್ಲ. ಆ ತಾಯಿ ಕೂಲಿಗೆ ಹೋಗುವುದನ್ನು ಬಿಟ್ಟದ್ದೂ ಇರುವುದಿಲ್ಲ.

ಇಂಥ ಪ್ರಕರಣದಲ್ಲಿ ವಕೀಲರು ಮೊದಲು ಮಾಡಬೇಕಾದ ಕೆಲಸ ಕಾನೂನಿನದ್ದಲ್ಲ. ಮನೆಗೆ ಹೋಗಿ ಒಂದು ದಿನ ಹೇಗೆ ಕಳೆಯುತ್ತದೆ ಎಂದು ಗಂಟೆಗಂಟೆಯಾಗಿ ಬರೆದುಕೊಳ್ಳುವುದು. ಬೆಳಿಗ್ಗೆ ಎಷ್ಟು ಹೊತ್ತಿಗೆ ಮೈ ಒರೆಸುತ್ತೀರಿ, ಒಬ್ಬರೇ ಎತ್ತಿ ಕೂರಿಸಲು ಆಗುತ್ತದಾ ಅಥವಾ ಇಬ್ಬರು ಬೇಕಾ, ಗಂಜಿ ಬಾಯಲ್ಲಿ ಕುಡಿಯುತ್ತದಾ ಅಥವಾ ಮೂಗಿನ ಕೊಳವೆಯಲ್ಲಾ, ಒಂದು ಸಲ ಕುಡಿಸಲು ಎಷ್ಟು ಹೊತ್ತು. ಹಾಸಿಗೆ ಹುಣ್ಣು ಆಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂದು ಡಾಕ್ಟರು ಹೇಳಿರುತ್ತಾರೆ. ರಾತ್ರಿ ಯಾರು ಏಳುತ್ತಾರೆ? ಡೈಪರ್ ದಿನಕ್ಕೆ ಎಷ್ಟು? ದಿನಕ್ಕೆ ನಾಲ್ಕು, ಒಂದಕ್ಕೆ ನಲವತ್ತು ರೂಪಾಯಿ ಎಂದಿಟ್ಟುಕೊಂಡರೂ ವರ್ಷಕ್ಕೆ 58,400 ಆಯಿತು. ಭವಿಷ್ಯದ ಚಿಕಿತ್ಸೆಗೆಂದು ಕೊಟ್ಟ ಐದು ಲಕ್ಷ ಬರೀ ಡೈಪರಿಗೇ ಒಂಬತ್ತು ವರ್ಷ ಬಾರದು. ಔಷಧಿ ಅಂಗಡಿಯ ಬಿಲ್ಲುಗಳನ್ನು ಅಕ್ಕಿ ಡಬ್ಬದಲ್ಲೋ ದೇವರ ಫೋಟೋ ಹಿಂದೆಯೋ ಸಿಕ್ಕಿಸಿರುತ್ತಾರೆ, ಅಕ್ಷರ ಅಳಿಸಿರುತ್ತದೆ. ಅವನ್ನು ಬೇಗ ಜೆರಾಕ್ಸ್ ಮಾಡಿಸಿ ಇಡಬೇಕು.

ಇದೆಲ್ಲ ಪ್ರಮಾಣಪತ್ರದಲ್ಲಿ ಬಂದರೆ ಪಾಟೀಸವಾಲಿನ ಆ ಪ್ರಶ್ನೆಗೆ ಹಲ್ಲು ಉಳಿಯುವುದಿಲ್ಲ. ಇದರ ಜೊತೆಗೆ ಚಿಕಿತ್ಸೆ ಮಾಡಿದ ವೈದ್ಯರನ್ನೇ ಸಾಕ್ಷಿಗೆ ಕರೆಸುವುದು ಒಳ್ಳೆಯದು. ಬರೀ ವೈಕಲ್ಯದ ಶೇಕಡಾವಾರು ಹೇಳಿಸಿ ಕಳಿಸದೆ, ದಿನಕ್ಕೆ ಎಷ್ಟು ಗಂಟೆ ಆರೈಕೆ ಬೇಕು, ತರಬೇತಾದವರು ಬೇಕೋ ಮನೆಯವರು ಸಾಕೋ ಎಂದೂ ಅವರ ಬಾಯಲ್ಲಿ ಹೇಳಿಸಬೇಕು. ಊರಿನ ಹೋಂ ನರ್ಸಿಂಗ್ ಏಜೆನ್ಸಿಯವರ ದರಪಟ್ಟಿಯೊಂದನ್ನು ತಂದು, ಕೊಟ್ಟವರನ್ನೇ ಸಾಕ್ಷಿಗೆ ಕರೆದು ಗುರುತು ಮಾಡಿಸಿದರಂತೂ ತಿಂಗಳಿಗೆ ಐದು ಸಾವಿರ ಎಂಬ ಅಂಕಿ ತಾನಾಗಿಯೇ ಅಲುಗಾಡುತ್ತದೆ. 2020ರ ತೀರ್ಪಿನ 5,000 ಒಂದು ದರವಲ್ಲ. ಆ ಪ್ರಕರಣದಲ್ಲಿ, 2007ರ ಅಪಘಾತಕ್ಕೆ, ನ್ಯಾಯಾಲಯ ತಾನಾಗಿ ಅಂದಾಜಿಸಿದ್ದು. ಅದನ್ನೇ ಇಂದಿನ ಅರ್ಜಿಗಳಲ್ಲೂ ಐದು ಸಾವಿರ ಎಂದು ನಕಲು ಮಾಡುವುದನ್ನು ನೋಡಿದರೆ ಬೇಸರವಾಗುತ್ತದೆ. ಇಂದು ಯಾವ ಊರಿನಲ್ಲಿ ಹನ್ನೆರಡು ಗಂಟೆಯ ಪಾಳಿಗೆ ಆ ಸಂಬಳಕ್ಕೆ ಜನ ಸಿಗುತ್ತಾರೆ?

ಗುಣಕದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. 18ರಲ್ಲಿ ಎಲ್ಲವೂ ಅಡಗಿದೆ ಎನ್ನುತ್ತಾರಲ್ಲ, ಪರೀಕ್ಷಿಸೋಣ. ಇಪ್ಪತ್ತೊಂದು ಲಕ್ಷ ಅರವತ್ತು ಸಾವಿರವನ್ನು ಶೇ. 6ರ ಬಡ್ಡಿಗೆ ಇಟ್ಟರೆ ತಿಂಗಳಿಗೆ 10,800 ಬರುತ್ತದೆ. ಇಬ್ಬರ ಸಂಬಳಕ್ಕೆ ಮೊದಲ ವರ್ಷ ಸಾಕು, ಅಸಲೂ ಹಾಗೇ ಇರುತ್ತದೆ. ಸಂಬಳ ಆ 10,800 ದಾಟಿದ ಮೇಲೆ ಅಸಲಿಗೆ ಕೈ ಹಾಕಬೇಕು, ಹತ್ತು ವರ್ಷದ ನಂತರ ಸಂಬಳ ದುಪ್ಪಟ್ಟಾದಾಗ ಇಡುಗಂಟು ಬೇಗ ಕರಗುತ್ತದೆ. ಐವತ್ತು ವರ್ಷದ ಖರ್ಚಿಗೆ ಹದಿನೆಂಟು ವರ್ಷದ ಹಣ ಸಾಕಾಗಬೇಕಾದರೆ, ಸಂಬಳ ಏರುವ ವೇಗಕ್ಕಿಂತ ಸುಮಾರು ಶೇ. 5 ಹೆಚ್ಚಿನ ವೇಗದಲ್ಲಿ ಆ ಹಣ ಬೆಳೆಯಬೇಕು. ಸಂಬಳ ವರ್ಷಕ್ಕೆ ಶೇ. 6ರಂತೆ ಏರಿದರೆ ಬ್ಯಾಂಕು ಶೇ. 11 ಕೊಡಬೇಕಾಯಿತು. ಯಾವ ಬ್ಯಾಂಕೂ ಕೊಡುವುದಿಲ್ಲ.

ಇಂಗ್ಲೆಂಡಿನ ಸಾಲಿಸಿಟರುಗಳು (ಕಕ್ಷಿದಾರರ ಪರ ಪ್ರಕರಣ ಸಿದ್ಧಪಡಿಸುವ ವಕೀಲರು) ಇದೇ ಗಣಿತದ ಮೇಲೆ ದಶಕಗಳಿಂದ ಜಗಳವಾಡಿದ್ದಾರೆ. ಭಾರೀ ಗಾಯದ ಪ್ರಕರಣಗಳನ್ನೇ ನಡೆಸುವ ಸಾಲಿಸಿಟರುಗಳ ವರ್ಗವೇ ಅಲ್ಲಿದೆ. ಆರೈಕೆಯ ವೆಚ್ಚ ಅಂದಾಜಿಸುವ ತಜ್ಞರು, ಮನೆ ಮಾರ್ಪಾಡು ಮಾಡುವ ವಾಸ್ತುಶಿಲ್ಪಿ, ಇಂಥವರ ವರದಿಗಳನ್ನು ಒಟ್ಟು ಮಾಡುವುದೇ ಅವರ ಮುಖ್ಯ ಕೆಲಸ. ಇಡುಗಂಟಿನ ಲೆಕ್ಕಕ್ಕೆ ಬಳಸುವ, ಬೆಲೆಯೇರಿಕೆ ಕಳೆದು ಉಳಿಯುವ ಬಡ್ಡಿಯ ದರವನ್ನು ಅಲ್ಲಿ ಸರಕಾರವೇ ಗೊತ್ತುಮಾಡುತ್ತದೆ. 2001ರಿಂದ ಶೇ. 2.5 ಇದ್ದದ್ದು 2017ರಲ್ಲಿ ಸೊನ್ನೆಗಿಂತ ಕೆಳಗೆ, ಮೈನಸ್ 0.75ಕ್ಕೆ ಇಳಿಯಿತು, 2019ರಲ್ಲಿ ಮೈನಸ್ 0.25 ಆಯಿತು, 2025ರ ಜನವರಿಯಿಂದ ಶೇ. 0.5 ಇದೆ. ಈ ದರದಲ್ಲಿ ಐವತ್ತು ವರ್ಷದ ಆರೈಕೆಗೆ ಗುಣಕ ಹೆಚ್ಚುಕಡಿಮೆ 44 ಆಗುತ್ತದೆ. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಒರಟಾಗಿ ಹಿಡಿದ, ಸುಪ್ರೀಂ ಕೋರ್ಟ್ ತಪ್ಪೆಂದ ಅಂಕಿಯೂ 44. ಕಾಕತಾಳೀಯ ನಿಜ, ಆದರೂ ಯೋಚನೆಗೆ ಹಚ್ಚುತ್ತದೆ. ಅದೂ ಸಾಲದೆಂದು ಅಲ್ಲಿ 2005ರಿಂದ, ಪಕ್ಷಗಾರರು ಒಪ್ಪಲಿ ಬಿಡಲಿ, ಆರೈಕೆಯ ವೆಚ್ಚವನ್ನು ವರ್ಷವರ್ಷವೂ ಬದುಕಿರುವವರೆಗೆ ಕೊಡುತ್ತಾ ಹೋಗಿ ಎಂದು ನ್ಯಾಯಾಲಯ ಆದೇಶಿಸಬಹುದು. 2008ರ ಮೇಲ್ಮನವಿ ತೀರ್ಪೊಂದರ ನಂತರ ಆ ಕಂತು ಸಾಮಾನ್ಯ ಬೆಲೆಯೇರಿಕೆಯ ಬದಲು ಆರೈಕೆ ಕೆಲಸದವರ ವೇತನದ ಸೂಚ್ಯಂಕದ ಜೊತೆ ಏರುವುದು ರೂಢಿಯಾಯಿತು. ಎಷ್ಟು ವರ್ಷ ಬದುಕುತ್ತಾಳೆ ಎಂದು ಊಹಿಸುವ ಗೋಜೇ ಇಲ್ಲ. ಇಲ್ಲಿ ಅಂಥ ವ್ಯವಸ್ಥೆ ಇಲ್ಲದಿರುವುದರಿಂದ ತಿಂಗಳ ಮೊತ್ತವನ್ನು ಆರಂಭದಲ್ಲೇ ಸರಿಯಾಗಿ ರುಜುವಾತು ಮಾಡುವುದು ಇನ್ನೂ ಮುಖ್ಯವಾಗುತ್ತದೆ. ಒಮ್ಮೆ ತೀರ್ಪಾದ ಮೇಲೆ ಮತ್ತೆ ಬಂದು ಸಂಬಳ ಏರಿದೆ ಎಂದು ಕೇಳಲಾಗದು.

ಅರ್ಜಿಯಲ್ಲಿ ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟದ್ದು ಈ ತೀರ್ಪಿನ ಇನ್ನೊಂದು ವಿಶೇಷ. ಕಾಯ್ದೆಯ 168ನೇ ಕಲಂ ಹೇಳುವುದು "ನ್ಯಾಯೋಚಿತ ಪರಿಹಾರ" ಎಂದು, ಕೇಳಿದಷ್ಟು ಎಂದಲ್ಲ. ಅದರಲ್ಲೂ ಅರ್ಜಿದಾರರು ಅಪ್ರಾಪ್ತ ವಯಸ್ಕರಾದರೆ ಮೊತ್ತ ಮೀರಿದರೂ ಕೊಡಬೇಕು ಎಂದಿತು. ಇದೊಂದು ಸಮಾಧಾನ, ಆದರೆ ಇದನ್ನೇ ನೆಚ್ಚಿಕೊಂಡು ಅರ್ಜಿಯಲ್ಲಿ ಬಾಯಿಗೆ ಬಂದ ಅಂಕಿ ಬರೆಯುವ ಚಾಳಿ ಬೇಡ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಎಂದಿರುವುದರಿಂದ, ಗಾಬರಿಯಲ್ಲಿ ಅರ್ಧಂಬರ್ಧ ಅರ್ಜಿಗಳು ಬರುತ್ತಿವೆ. ಮೊದಲು ಅರ್ಜಿ ಹಾಕಿ. ಮಗುವಿನ ಸ್ಥಿತಿ ಒಂದು ಹದಕ್ಕೆ ಬಂದ ಮೇಲೆ ಸಾಕ್ಷ್ಯ ಮಾಡಿಸಿ. ಮಿದುಳಿನ ಗಾಯದಲ್ಲಿ ಆರು ತಿಂಗಳಿಗೆ ಯಾವ ವೈದ್ಯರೂ ಖಚಿತವಾಗಿ ಏನನ್ನೂ ಹೇಳಲಾರರು.

ದುಡ್ಡು ಬಂದ ಮೇಲಿನ ಕತೆ ಬೇರೆಯೇ. ಅಪ್ರಾಪ್ತರ ಹಣವನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಟ್ಟು ಬಡ್ಡಿ ಮಾತ್ರ ಪೋಷಕರ ಕೈಗೆ ಕೊಡುವುದು ರೂಢಿ. ಅಸಲು ಬೇಕೆಂದರೆ ನ್ಯಾಯಮಂಡಳಿಗೆ ಅರ್ಜಿ ಹಾಕಿ ಕಾರಣ ತೋರಿಸಬೇಕು. ಗೆದ್ದ ಹಣದಲ್ಲಿ ಪಾಲು ಎಂದು ಶುಲ್ಕ ಗೊತ್ತುಮಾಡುವುದನ್ನು ಬಾರ್ ಕೌನ್ಸಿಲ್ ನಿಯಮ ನಿಷೇಧಿಸಿದೆ. ಕೋರ್ಟಿನ ಕಾರಿಡಾರಿನಲ್ಲಿ ಏನು ನಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಠೇವಣಿಯ ಕಟ್ಟುಪಾಡು ಕುಟುಂಬವನ್ನು ಸಂಬಂಧಿಕರಿಂದಷ್ಟೇ ಅಲ್ಲ, ನಮ್ಮ ವಕೀಲರಿಂದಲೂ ಕಾಯುತ್ತದೆ.

ಈ ಹುಡುಗಿಯಂಥವರಿಗೆ ಹದಿನೆಂಟು ತುಂಬಿದಾಗ ಇನ್ನೊಂದು ತೊಡಕು ಬರುತ್ತದೆ. ಕಾನೂನಿನ ಕಣ್ಣಿಗೆ ಅವಳು ವಯಸ್ಕಳು, ತಂದೆ ತಾಯಿ ಇನ್ನು ಸಹಜ ಪೋಷಕರಲ್ಲ. ಖಾತೆಗೆ ಸಹಿ ಮಾಡುವವರು ಯಾರು ಎಂದು ಬ್ಯಾಂಕಿನವರು ಕೇಳುತ್ತಾರೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಪೋಷಕತ್ವದ ಪ್ರಮಾಣಪತ್ರ ಪಡೆಯಬೇಕು. ಬೌದ್ಧಿಕ ವೈಕಲ್ಯ ಮತ್ತು ಬಹುವಿಧ ವೈಕಲ್ಯ ಅದರ ವ್ಯಾಪ್ತಿಗೆ ಬರುತ್ತವೆ. ಪರಿಹಾರದ ಪ್ರಕರಣ ಮೇಲ್ಮನವಿಯಲ್ಲಿರುವಾಗಲೇ ಮಗುವಿಗೆ ಹದಿನೆಂಟು ತುಂಬುವ ಲಕ್ಷಣವಿದ್ದರೆ ಈ ಅರ್ಜಿಯನ್ನು ಆಗಲೇ ಹಾಕಿಸಿಬಿಡಬೇಕು. ಇಲ್ಲದಿದ್ದರೆ ಡಿಕ್ರಿಯ ಹಣ ಬಂದು ಕೂತಿರುತ್ತದೆ, ತೆಗೆಯುವ ಅಧಿಕಾರ ಮಾತ್ರ ಯಾರಿಗೂ ಇರುವುದಿಲ್ಲ.